ನನ್ನ ಕೈಗೆ ಸಿಗದ ಜಾಗ

ಟ್ಬಿಲಿಸಿಯ ಹಳೇ ಪೇಟೆಯಲ್ಲಿ, ಇಟ್ಟಿಗೆ ಗುಮ್ಮಟಗಳ ಕೆಳಗೆ
ನೆಲವೇ ಕಾಯಿಸಿ ಕೊಡುವ ನೀರು.
ಕೊಳೆತ ಮೊಟ್ಟೆಯೆಂದು ಪ್ರವಾಸಿಗಳು ಮೂಗು ಮುಚ್ಚುತ್ತಾರೆ.
ನನಗದು ಸಂಬಳದ ವಾಸನೆ,
ಇಪ್ಪತ್ತಾರು ವರ್ಷದಿಂದ.

ನಾನು ಲಮಾರಾ, ಬೆನ್ನು ಉಜ್ಜುವವಳು.
ಕೈಗೊಂದು ಒರಟು ಚೀಲ, ನೊರೆ ಉಬ್ಬಿಸಲು ಹಳೇ ದಿಂಬಿನ ಗವಸು,
ಬಿಸಿ ಕಲ್ಲಿನ ಮೇಲೆ ಒಬ್ಬೊಬ್ಬಳಾಗಿ ಹೆಂಗಸರು.
ಮುಖ ಮರೆಯುತ್ತೇನೆ.
ಬೆನ್ನು ಮರೆತದ್ದಿಲ್ಲ.

ಬ್ಯಾಂಕಿನ ಪಿಕ್ರಿಯಾ ದಿನಾ ಮುಂಜಾನೆ ನದಿಯ ದಂಡೆಯಲ್ಲಿ ಓಡುತ್ತಾಳೆ,
ಹೆಜ್ಜೆ ಎಣಿಸುವ ಗಡಿಯಾರ ನೀರಲ್ಲೂ ಬಿಚ್ಚುವುದಿಲ್ಲ.
ಕಾಲು ಜಿಂಕೆಯದು. ಭುಜ ಮಾತ್ರ
ಯಾರೋ ಈಗ ಹೊಡೆದಾರು ಎಂಬಂತೆ ಕಿವಿಯ ತನಕ ಎದ್ದಿರುತ್ತದೆ.
"ಉಸಿರು ಬಿಡು" ಅಂದರೆ
"ಬಿಟ್ಟಿದ್ದೇನಲ್ಲ" ಅನ್ನುತ್ತಾಳೆ, ಬಿಗಿಹಿಡಿದೇ.

ರೊಟ್ಟಿ ಅಂಗಡಿಯ ಝೈರಾ ನೂರಾ ಹತ್ತು ಕಿಲೋ,
ಮಂಡಿಯಲ್ಲಿ ನೀರು, ರಕ್ತದಲ್ಲಿ ಸಕ್ಕರೆ,
ಬರುವಾಗ ಕಂಕುಳಲ್ಲಿ ನನಗೊಂದು ಬಿಸಿ ರೊಟ್ಟಿ.
ಅವಳ ಬೆನ್ನು ಹದವಾಗಿ ನಾದಿದ ಹಿಟ್ಟು,
ಒತ್ತಿದರೆ ಒತ್ತಿಸಿಕೊಂಡು, ಬಿಟ್ಟರೆ ಮೆಲ್ಲಗೆ ಏಳುತ್ತದೆ.
ಸಾಲಗಾರರ ಕತೆ ಹೇಳಿ ಅವಳು ನಕ್ಕರೆ
ಗುಮ್ಮಟ ಎರಡು ಸಲ ನಗುತ್ತದೆ.
ಇಬ್ಬರಲ್ಲಿ ಗಟ್ಟಿ ಯಾರು, ನನ್ನ ಕೇಳಬೇಡಿ.
ನಾನು ಉಜ್ಜುವವಳು, ತೂಗುವವಳಲ್ಲ.

ಇನ್ನೊಬ್ಬಳಿದ್ದಾಳೆ, ಹೆಸರು ಬೇಡ.
ಗಂಡ ಕೈಕೊಟ್ಟು ಪೋಲೆಂಡಿಗೆ ಹೋದ ವರ್ಷ
ಅವಳ ಎಡಗೈ ತಲೆ ಬಾಚುವಷ್ಟೂ ಮೇಲೆ ಬರಲಿಲ್ಲ.
ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೆ ಅನ್ನುತ್ತಾಳೆ.
ಹೊಟ್ಟೆಗೆ ಹೋಗಿಲ್ಲ ತಾಯಿ,
ಇಲ್ಲಿದೆ, ರೆಕ್ಕೆಯೆಲುಬಿನ ಅಡಿಯಲ್ಲಿ,
ಬೀಗ ಹಾಕಿದ ಪೆಟ್ಟಿಗೆಯ ಹಾಗೆ.

ಮಾರ್ಚಿಯಲ್ಲಿ ನಾನೂ ಆಸ್ಪತ್ರೆಗೆ ಹೋಗಿದ್ದೆ.
ಎಳೆ ಮೀಸೆಯ ಡಾಕ್ಟರು ಕಾಗದ ತಿರುಗಿಸಿ ತೋರಿಸಿದ:
ಒತ್ತಡ, ಸಕ್ಕರೆ, ಕೊಬ್ಬು, ಎಲ್ಲ ಅಂಕಿ ಗೆರೆಯೊಳಗೆ,
ಸಾಲು ಹಿಡಿದು ಶಾಲೆಗೆ ಹೊರಟ ಮಕ್ಕಳ ಹಾಗೆ.
"ನಿಮಗೇನೂ ಆಗಿಲ್ಲ."
ಹಾಗಾದರೆ ರಾತ್ರಿ ಮೂರಕ್ಕೆ ಎದ್ದು
ಅಡಿಗೆಮನೆಯ ದೀಪ ಹಾಕುವವಳು ಯಾರು?
ಕೇಳಲಿಲ್ಲ. ಹೊರಗೆ ಇನ್ನೂ ಹನ್ನೊಂದು ಜನ ಕೂತಿದ್ದರು.

ಡೊಡೊ ಬರುವುದು ಸೋಮವಾರದ ಕೊನೇ ಗಂಟೆಗೆ.
ಎಂಬತ್ತೊಂದು. ಭೂಗೋಳದ ಟೀಚರ್ ಆಗಿದ್ದವಳು.
ಶರತ್ಕಾಲದಲ್ಲಿ ಲಕ್ವ ಹೊಡೆದು ಬಲಗೈ
ಸೇರಿಸಿಕೊಳ್ಳದ ನೆಂಟನ ಹಾಗೆ ಪಕ್ಕದಲ್ಲಿ ಜೋತುಬಿದ್ದಿದೆ.
"ಕೈಗೆ ಕೆಲಸ ಕೊಡು ಅಂದಿದ್ದಾರೆ.
ರಬ್ಬರ್ ಚೆಂಡು ಹಿಸುಕಿ ಹಿಸುಕಿ
ಚೆಂಡಿಗೂ ನನಗೂ ಬೇಜಾರು.
ಮಲಗು ನೀನು."

ನಗು ಬಂತು. ಮಲಗಿದೆ.
ಈ ಕಲ್ಲು ಇಷ್ಟು ಬಿಸಿ ಅಂತ ಗೊತ್ತಿರಲಿಲ್ಲ,
ಮೇಲಿನ ಕಿಂಡಿಯಲ್ಲಿ ಇಷ್ಟು ಆಕಾಶ ಇದೆ ಅಂತಲೂ.
ಚೀಲ ಎರಡು ಸಲ ಜಾರಿತು. ಮೂರನೆಯ ಸಲ
ಸಂಕೋಚದ ಬೆಕ್ಕು ನೆಕ್ಕಿದಂತೆ ಶುರುವಾಯಿತು ಕೈ.
"ಇದು ಬೆಟ್ಟಸಾಲು. ಇದು ಕಣಿವೆ."
ನಡುಬೆನ್ನಿಗೆ ಬಂದು ನಿಂತಳು.
ನನ್ನ ಕೈ ಮೇಲಿಂದಲೂ ಕೆಳಗಿಂದಲೂ ಮುಟ್ಟದ
ಅಂಗೈಯಗಲದ ಜಾಗ.
"ಇಲ್ಲಿಗೆ ರಸ್ತೆಯೇ ಇಲ್ಲವಲ್ಲೇ, ಲಮಾರಾ."

ಅತ್ತೆನೋ ಇಲ್ಲವೋ,
ಹಬೆಯಲ್ಲಿ ಅದು ಲೆಕ್ಕಕ್ಕಿಲ್ಲ.

ಎದ್ದರೆ ಕೂಲಿ ಕೇಳಿದಳು, ಹತ್ತು ಲಾರಿ!
ಪುಕ್ಕಟೆ ಮಾಡಿದರೆ ಕೈಗೆ ಅದು ಕೆಲಸ ಅನ್ನಿಸುವುದಿಲ್ಲವಂತೆ.
ಅರ್ಧ ಬೆನ್ನಿಗೆ ಅರ್ಧ ಕೂಲಿ ಅಂದೆ.
ಜಗಳವಾಡಿದೆವು, ಒದ್ದೆ ಟವೆಲು ಸುತ್ತಿಕೊಂಡು.
ಕೊನೆಗೆ ಬಲಗೈ ಚಾಚಿದಳು. ನಾಣ್ಯ ಇಟ್ಟೆ.
ಬೆರಳುಗಳು ಒಂದೊಂದೇ, ಯೋಚನೆ ಮಾಡಿ, ಮಡಚಿಕೊಂಡವು.
ಇಬ್ಬರೂ ಕಾದೆವು.
ಕಿರುಬೆರಳು ಮಡಚಲೇ ಇಲ್ಲ.
"ಅದಕ್ಕೆ ಮುಂದಿನ ಸೋಮವಾರ" ಅಂದಳು.